ಕಡತಗಳ ಕೂಡುಕಣಜಕ್ಕೆ ತಕ್ಕ ವ್ಯವಸ್ಥೆ ಯಾವುದು?

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಬಡಗುತಿಟ್ಟು ಯಕ್ಷಗಾನದ ಧ್ವನಿಮುದ್ರಣಗಳೂ ಕುಂದಗನ್ನಡದ ಮಾತಿನ ಮಾದರಿಗಳೂ ಮನೆಮನೆಯ ಡಿಸ್ಕುಗಳಲ್ಲಿ ಚದರಿ ಉಳಿದರೆ, ಅವುಗಳ ಆಯುಷ್ಯ ಆ ಡಿಸ್ಕುಗಳ ಆಯುಷ್ಯದಷ್ಟೇ. ಕಡಲತಡಿಯ ಉಪ್ಪುಗಾಳಿ, ಆಷಾಢದ ತೇವ, ಸಿಡಿಲು ಇವುಗಳಲ್ಲಿ ಯಾವುದಕ್ಕೆ ಡಿಸ್ಕು ಬಲಿಯಾದರೂ ಒಬ್ಬ ಭಾಗವತರ ಕಂಠ ಮರಳಿ ಬಾರದಂತೆ ಅಳಿಯುತ್ತದೆ. ಮೂರು ಊರುಗಳ ಕಾಲೇಜುಗಳಲ್ಲಿ ಒಂದೊಂದು ಗಣಕಯಂತ್ರವನ್ನಿರಿಸಿ, ಮೂರನ್ನೂ ಒಂದೇ ಕಣಜದಂತೆ ನಡೆಸಬಾರದೇಕೆ? ನಡೆಸುವುದಾದರೆ ಅವಕ್ಕೆ ತಕ್ಕ ಆಪರೇಟಿಂಗ್ ಸಿಸ್ಟಂ ಯಾವುದು?

ಇಂಥ ಏರ್ಪಾಟಿಗೆ ಕ್ಲಸ್ಟರ್ ಸಂಗ್ರಹವೆಂದು ಹೆಸರು. ಪ್ರತಿಯೊಂದು ಕಡತದ ನಕಲೂ ಮೂರು ಯಂತ್ರಗಳಲ್ಲಿರುತ್ತದೆ; ಬಳಸುವವರಿಗೆ ಮಾತ್ರ ಒಂದೇ ಕಣಜ ಕಾಣುತ್ತದೆ. ಬೈಂದೂರಿನ ಸಂಪರ್ಕ ಕಡಿದರೆ ಉಳಿದೆರಡು ಯಂತ್ರಗಳು ಬಹುಮತದಿಂದ ಕೆಲಸ ಮುಂದುವರಿಸುತ್ತವೆ. ಒಂಟಿಯಾದ ಬೈಂದೂರಿನ ಯಂತ್ರ ಬರೆಯುವುದನ್ನು ನಿಲ್ಲಿಸತಕ್ಕದ್ದು. ಇಲ್ಲವಾದರೆ ಒಂದೇ ಕಡತಕ್ಕೆ ಎರಡು ಚರಿತ್ರೆಗಳು ಹುಟ್ಟಿ, ಯಾವುದು ನಿಜವೆಂದು ತೀರ್ಮಾನಿಸುವವರಿಲ್ಲದಂತಾಗುವುದು. ಎರಡು ಸಾಲದು, ಮೂರು ಬೇಕೆನ್ನುವುದು ಈ ಕಾರಣದಿಂದ.

ಸಾಮರ್ಥ್ಯವೊಂದನ್ನೇ ನೋಡುವುದಾದರೆ ಆಯ್ಕೆ ಕಠಿನವಲ್ಲ. ವಿಂಡೋಸ್ ಸರ್ವರಿನಲ್ಲಿ 2009ರಿಂದ ಹಲವು ಯಂತ್ರಗಳು ಒಂದೇ ಸಂಗ್ರಹವನ್ನು ಹಂಚಿಕೊಳ್ಳುವ ಸೌಕರ್ಯವಿದೆ. ಲಿನಕ್ಸಿನ ತಿರುಳಿನೊಳಗೆ ಅಂಥ ಸೌಕರ್ಯ 2006ರಲ್ಲೇ ಸೇರಿತು. ಸೆಫ್ ಎಂಬ ಕೂಡುಸಂಗ್ರಹವನ್ನು ಬಳಸುವ ಭಾಗ 2010ರಲ್ಲಿ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2015ರಲ್ಲಿ ಸ್ಥಾಪಿಸಿದ ಕ್ರೇ ಮಹಾಗಣಕವೂ ಲಿನಕ್ಸಿನಿಂದಲೇ, ಲಸ್ಟರ್ ಎಂಬ ಸಮಾಂತರ ಸಂಗ್ರಹದೊಡನೆ ನಡೆಯಿತು.

ಆದರೆ ಕೇಳತಕ್ಕ ಪ್ರಶ್ನೆ ಬೇರೆಯೇ: ಆಯ್ದುಕೊಂಡುದು ಎಷ್ಟು ಕಾಲ ಬಾಳೀತು? 2005ರಲ್ಲಿ ಆರಂಭವಾಗಿ ಬೆಂಗಳೂರಿನ ಇಂಜಿನಿಯರುಗಳ ಕೈಯಲ್ಲಿ ಬೆಳೆದ ಗ್ಲಸ್ಟರ್ ಸಂಗ್ರಹವನ್ನು 2011ರಲ್ಲಿ ರೆಡ್ ಹ್ಯಾಟ್ ಕಂಪೆನಿ ಕೊಂಡಿತು. 2024ರ ಕೊನೆಗೆ ಆ ಕಂಪೆನಿ ತನ್ನ ಗ್ಲಸ್ಟರ್ ಸರಕಿಗೆ ನೀಡುತ್ತಿದ್ದ ಬೆಂಬಲ ಮುಗಿಯಿತು. 2029ರವರೆಗೆ ನಡೆಯುವುದೆಂದು ನಂಬಿದ್ದ ಸೆಂಟ್‌ಒಎಸ್ 8 ಎಂಬ ಲಿನಕ್ಸ್ 2021ರಲ್ಲೇ ನಿಂತಿತು. ಆದರೂ ಅದರ ಮೂಲ ಪ್ರೋಗ್ರಾಮು ಎಲ್ಲರಿಗೂ ತೆರೆದಿದ್ದುದರಿಂದ ಬಳಸುವವರು ಕೈಕಟ್ಟಿ ಕೂರಬೇಕಾಗಲಿಲ್ಲ. ಅದೇ ವರ್ಷ ಆಲ್ಮ, ರಾಕಿ ಎಂಬ ಲಿನಕ್ಸುಗಳು ಅದರ ಸ್ಥಾನವನ್ನು ತುಂಬಿದವು.

ಆದುದರಿಂದ ಒಂದು ಕಂಪೆನಿಯ ಇಚ್ಛೆಗೆ ಕಟ್ಟುಬೀಳದ, 1993ರಿಂದ ಸ್ವಯಂಸೇವಕರೇ ನಡೆಸುತ್ತ ಬಂದಿರುವ ಡೆಬಿಯನ್ನಿನಂಥ ಲಿನಕ್ಸನ್ನು ಆರಿಸಿ, ಅದರ ಮೇಲೆ ಸೆಫನ್ನು ನಡೆಸುವುದೇ ಲೇಸೆಂದು ನನ್ನ ಮತ. ಅದನ್ನು ಕಲಿಯುವುದು ಸುಲಭವಲ್ಲವೆಂಬ ಆಕ್ಷೇಪ ನಿಜವೇ. ಆದರೆ ಕಲಿಯುವುದಕ್ಕೂ ಮುಂದಿನ ವರ್ಷದವರಿಗೆ ಕಲಿಸುವುದಕ್ಕೂ ಕಾಲೇಜಿಗಿಂತ ಉತ್ತಮವಾದ ಸ್ಥಳ ಯಾವುದು? ಆ ಪರಂಪರೆಯಿಲ್ಲದೆ ಎಂಥ ವ್ಯವಸ್ಥೆಯೂ ಉಳಿಯದು.

ಇನ್ನೊಂದು ಮಾತನ್ನು ತರುಣರು ಮರೆಯಬಾರದು. ಒಂದೆಡೆ ಕೈತಪ್ಪಿ ಅಳಿಸಿದ ಹಾಡು ಕ್ಲಸ್ಟರಿನ ಮೂರು ಕಡೆಯೂ ಅಳಿಯುತ್ತದೆ. ಜಾಲದಿಂದ ಬೇರ್ಪಡಿಸಿದ ನಾಲ್ಕನೆಯ ನಕಲೊಂದನ್ನು ಪೆಟ್ಟಿಗೆಯಲ್ಲಿಟ್ಟ ಮೇಲೆಯೇ ಕಣಜವು ಭದ್ರವೆನ್ನಬಹುದು.