ಬಾರದ ಬಾಕಿಯನ್ನು ಲೆಕ್ಕದಿಂದ ಕಳೆದರೆ ಸಾಲ ಮನ್ನಾ ಆದಂತಲ್ಲ: ಸಣ್ಣ ಉದ್ಯಮಿಗಳು ತಿಳಿಯಬೇಕಾದ್ದೇನು?

ನವಿ ಮುಂಬೈ: ಸೀವುಡ್ಸ್ ರೈಲು ನಿಲ್ದಾಣದ ಮೇಲೆಯೇ ಮಾಲ್ ಮತ್ತು ಕಚೇರಿಗಳು ಎದ್ದು ನಿಂತಿವೆ. ಇಂಥ ಕಚೇರಿಯೊಂದಕ್ಕೆ ತಿಂಗಳ ಲೆಕ್ಕದಲ್ಲಿ ಊಟ-ತಿಂಡಿ ಪೂರೈಸುವ ಕೇಟರಿಂಗ್ ಉದ್ಯಮಿಯೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1 ಲಕ್ಷ ರೂಪಾಯಿಯ ಬಿಲ್ ಕೊಟ್ಟ ಕೂಡಲೇ ಅದು ಪುಸ್ತಕದಲ್ಲಿ ಆದಾಯವಾಗುತ್ತದೆ. ಶೇ 5ರಂತೆ 5 ಸಾವಿರ ರೂಪಾಯಿ ಜಿಎಸ್‌ಟಿಯನ್ನೂ ಕಟ್ಟಬೇಕು. ಆಮೇಲೆ ಆ ಕಂಪನಿಯೇ ಬಾಗಿಲು ಮುಚ್ಚಿದರೆ? ಕೈಗೆ ಬಾರದ ದುಡ್ಡಿಗೂ ತೆರಿಗೆ ಕಟ್ಟಿದಂತಾಯಿತು.

ಇಂಥ ಬಾಕಿಯನ್ನು ಪುಸ್ತಕದಿಂದ ತೆಗೆದರೆ ವಸೂಲಿಯ ಹಕ್ಕೇ ಹೋಗುತ್ತದೆ ಎಂಬ ಭಯದಿಂದ ವರ್ಷಗಟ್ಟಲೆ ಹಾಗೆಯೇ ಬಿಡುವವರಿದ್ದಾರೆ. ಈ ಭಯಕ್ಕೆ ಆಧಾರವಿಲ್ಲ.

ವಿಜಯಾ ಬ್ಯಾಂಕ್ ಪ್ರಕರಣ ಹೇಳುವುದೇನು?

1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕ್‌ನ ತೆರಿಗೆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಮಹತ್ವದ ತೀರ್ಪು ನೀಡಿತು. ಬಾರದ ಸಾಲವನ್ನು ಲಾಭ-ನಷ್ಟ ಖಾತೆಗೆ ಖರ್ಚು ಹಾಕಿ, ಆಸ್ತಿ ಪಟ್ಟಿಯಲ್ಲಿನ ಒಟ್ಟು ಬಾಕಿಯಿಂದಲೂ ಕಳೆದರೆ ಸಾಕು, ಪ್ರತಿ ಸಾಲಗಾರನ ಖಾತೆಯನ್ನು ಮುಚ್ಚಬೇಕಿಲ್ಲ ಎಂದಿತು. ಖಾತೆ ಮುಚ್ಚಿದರೆ ಸಾಲಗಾರನೇ ಅದನ್ನು ನ್ಯಾಯಾಲಯದಲ್ಲಿ ತನ್ನ ಪರವಾಗಿ ಬಳಸಬಹುದು ಎಂಬುದನ್ನೂ ಕೋರ್ಟ್ ಗಮನಿಸಿತು. ಮುಂದೆ ಹಣ ಬಂದರೆ ಆ ವರ್ಷದ ಆದಾಯವಾಗಿ ತೋರಿಸಿದರಾಯಿತು.

ಅದೇ ವರ್ಷ ಟಿಆರ್‌ಎಫ್ ಲಿಮಿಟೆಡ್ ಪ್ರಕರಣದಲ್ಲಿ, 1989ರ ಏಪ್ರಿಲ್ 1ರ ನಂತರ ಸಾಲ ಮುಳುಗಿದೆ ಎಂದು ಸಾಬೀತುಪಡಿಸುವ ಅಗತ್ಯವೂ ಇಲ್ಲ, ಪುಸ್ತಕದಲ್ಲಿ ಕಳೆದಿದ್ದರೆ ಸಾಕು ಎಂದು ಕೋರ್ಟ್ ಸ್ಪಷ್ಟಪಡಿಸಿತು.

ಅಂದಾಜು ಬೇರೆ, ಕಳೆಯುವುದು ಬೇರೆ

'ಇಷ್ಟು ಮುಳುಗಬಹುದು' ಎಂದು ಬರೀ ಅಂದಾಜು ಮೊತ್ತ ತೆಗೆದಿರಿಸಿದರೆ ಸಾಮಾನ್ಯ ಉದ್ಯಮಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗದು. ಆದರೂ ಅಂದಾಜು ಬೇಕು. ಅದಿಲ್ಲದಿದ್ದರೆ ಲಾಭ ಇದ್ದಂತೆ ಕಾಣುತ್ತದೆ, ಗಲ್ಲಾಪೆಟ್ಟಿಗೆ ಖಾಲಿ ಇರುತ್ತದೆ.

ವಿಧಾನ ಸರಳ. ಬಾಕಿಯನ್ನು ಅದರ ವಯಸ್ಸಿನಂತೆ ವಿಂಗಡಿಸಬೇಕು. 30 ದಿನದೊಳಗಿನ 6 ಲಕ್ಷಕ್ಕೆ ಶೇ 1, ಅಲ್ಲಿಂದ 90 ದಿನದವರೆಗಿನ 3 ಲಕ್ಷಕ್ಕೆ ಶೇ 5, ಅದಕ್ಕೂ ಹಳೆಯ 1 ಲಕ್ಷಕ್ಕೆ ಶೇ 30 ಎಂದು ಹಿಡಿದರೆ ಒಟ್ಟು 51 ಸಾವಿರ ರೂಪಾಯಿ. ಇದು ಲೆಕ್ಕಕ್ಕಾಗಿ ಕೊಟ್ಟ ಉದಾಹರಣೆಯಷ್ಟೇ. ಪ್ರಮಾಣವನ್ನು ಅವರವರ ಹಿಂದಿನ ವರ್ಷಗಳ ಅನುಭವದಿಂದಲೇ ನಿಗದಿ ಮಾಡಬೇಕು.

ಜಿಎಸ್‌ಟಿ ಮರಳದು

ಗ್ರಾಹಕ ಹಣ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಕಟ್ಟಿದ ಜಿಎಸ್‌ಟಿ ವಾಪಸ್ ಬರುವುದಿಲ್ಲ. ಸಣ್ಣ ಉದ್ಯಮಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲೇ.

ಹಾಗಾಗಿ ಬಾಕಿ ಹಳತಾಗುವ ಮುನ್ನವೇ ಎಚ್ಚರ ಬೇಕು. ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಗರಿಷ್ಠ 45 ದಿನದಲ್ಲಿ ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. 2023-24ನೇ ಹಣಕಾಸು ವರ್ಷದಿಂದ, ಈ ಗಡುವು ಮೀರಿದ ಖರೀದಿದಾರನಿಗೆ ಹಣ ಕೊಡುವವರೆಗೆ ಆ ಖರ್ಚಿನ ತೆರಿಗೆ ಲಾಭವೂ ಸಿಗದು. ಆದರೆ ಸರಕು ತಂದು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ.

ಬಾಕಿ ವಸೂಲಿ ದಾವೆಗೆ ಸಾಮಾನ್ಯವಾಗಿ ಇರುವ ಕಾಲಮಿತಿ 3 ವರ್ಷ. ಪುಸ್ತಕದಲ್ಲಿ ಕಳೆದರೆ ಹಕ್ಕು ಹೋಗುವುದಿಲ್ಲ, ಸುಮ್ಮನೆ ಕಾಯುತ್ತ ಕುಳಿತರೆ ಹೋಗಬಹುದು.