ಹುಡುಗರ ಬೆನ್ನಿನ ಇಟ್ಟಿಗೆ ಇಳಿಸಿ ಸ್ವಾಮಿ!

ನೋಯ್ಡಾ, ಗಾಜಿಯಾಬಾದ್, ದಾದ್ರಿ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರು ಒಂದು ದಿನ ಬೆಳಗಿನ ಜಾವ ಐದಕ್ಕೆ ಎದ್ದು ಹೊರಗೆ ಬಂದು ನೋಡಿ. ಸರ್ವಿಸ್ ರೋಡಿನಲ್ಲಿ ಹದಿನೆಂಟು, ಹತ್ತೊಂಬತ್ತರ ಹುಡುಗರು ಗುಂಪು ಗುಂಪಾಗಿ ಓಡುತ್ತಿರುತ್ತಾರೆ. ಕೆಲವರ ಬೆನ್ನ ಮೇಲೆ ಸ್ಕೂಲ್ ಬ್ಯಾಗು. ಒಳಗೆ ಪುಸ್ತಕ ಇರಬಹುದು ಅಂದುಕೊಂಡಿರಾ? ಇಟ್ಟಿಗೆ! ಇಲ್ಲವೇ ಮರಳು ತುಂಬಿದ ಬಾಟಲಿಗಳು, ಐದು ಕೇಜಿಯ ಎರಡು ಗೋಧಿಹಿಟ್ಟಿನ ಪ್ಯಾಕೆಟ್ಟು. ಸೈನ್ಯಕ್ಕೆ ಸೇರುವ ತಯಾರಿಯಂತೆ. ವಾಕಿಂಗ್ ಹೊರಟ ನಮ್ಮಂಥವರು ಮೊಬೈಲ್ ಎತ್ತಿ ವಿಡಿಯೋ ಮಾಡಿ, "ಈ ಹುಡುಗರಿಗೊಂದು ಸಲಾಂ" ಅಂತ ವಾಟ್ಸಾಪಿನಲ್ಲಿ ಹರಿಯಬಿಡುತ್ತೇವೆ.

ನನಗೆ ಸಿಟ್ಟಿರುವುದು ಹುಡುಗರ ಮೇಲಲ್ಲ, ಈ ಸಲಾಂ ಮೇಲೆ.

ನಾನು ಬ್ಯಾಂಕಿನವನು, ಓದಿದ್ದು ಬಿಕಾಂ. ಡಾಕ್ಟರೂ ಅಲ್ಲ, ಫೌಜಿಯೂ ಅಲ್ಲ. ಆದರೆ ಕೊಟ್ಟದ್ದೆಷ್ಟು, ಬಂದದ್ದೆಷ್ಟು ಅಂತ ನೋಡುವುದೇ ನನ್ನ ಮೂವತ್ತು ವರ್ಷದ ಕಸುಬು. ಆ ಲೆಕ್ಕ ಇಲ್ಲಿಯೂ ಹಾಕಿ ನೋಡೋಣ.

ಅಗ್ನಿವೀರ್ ಆಯ್ಕೆಯಲ್ಲಿ ಸೈನ್ಯ ಕೇಳುವುದೇನು? 1.6 ಕಿಲೋಮೀಟರ್ ಓಟ. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಹತ್ತು ಪುಲ್‌ಅಪ್ ತೆಗೆದರೆ 40. ಆಮೇಲೆ ಒಂಬತ್ತು ಅಡಿಯ ಹಳ್ಳ ಹಾರಬೇಕು, ಅಂಕುಡೊಂಕು ಕಂಬದ ಮೇಲೆ ಬೀಳದೆ ನಡೆಯಬೇಕು. ಇವೆರಡಕ್ಕೆ ಅಂಕ ಇಲ್ಲ, ಪಾಸಾದರೆ ಸಾಕು. ಎಲ್ಲಾದರೂ ಚೀಲದ ಮಾತು ಬಂತೇ? ಓಡುವುದು ಬನಿಯನ್, ಚಡ್ಡಿಯಲ್ಲಿ. ಐದೂವರೆ ನಿಮಿಷಕ್ಕೆ 1600 ಮೀಟರ್ ಓಡಲು ಬೇಕಾದದ್ದು ವೇಗ ಮತ್ತು ದಮ್ಮು. ಹತ್ತು ಕೇಜಿ ಹೊತ್ತವನು ವೇಗವಾಗಿ ಓಡಲಾರ, ನಿಧಾನಕ್ಕೆ ಓಡುವುದನ್ನೇ ದಿನಾ ಅಭ್ಯಾಸ ಮಾಡುತ್ತಾನೆ! ಇಂಗ್ಲಿಷ್ ಪರೀಕ್ಷೆಗೆ ಕೂರುವವನು ವರ್ಷವಿಡೀ ಲೆಕ್ಕ ಮಾಡಿದ ಹಾಗಾಯಿತು.

ಇನ್ನು ಖರ್ಚಿನ ಕಡೆ ಬನ್ನಿ. ಓಡುವಾಗ ಪ್ರತಿ ಹೆಜ್ಜೆಗೂ ನೆಲ ಕಾಲಿಗೆ ವಾಪಸ್ ಕೊಡುವ ಹೊಡೆತ ಮೈತೂಕದ ಎರಡರಿಂದ ಮೂರು ಪಟ್ಟು. ಐವತ್ತೈದು ಕೇಜಿಯ ಹುಡುಗನ ಬೆನ್ನಿಗೆ ಹತ್ತು ಕೇಜಿ ಸೇರಿಸಿ, ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆಯಿಂದ ಗುಣಿಸಿ, ಕಾಲಲ್ಲಿ ಅಡಿ ಸವೆದ ಮುನ್ನೂರು ರೂಪಾಯಿಯ ಕ್ಯಾನ್ವಾಸ್ ಶೂ, ಕೆಳಗೆ ಕಾಂಕ್ರೀಟ್ ರಸ್ತೆ. ಮೂಳೆ ಹೊಸ ಭಾರಕ್ಕೆ ಹೊಂದಿಕೊಳ್ಳುತ್ತದೆ, ನಿಜ. ಆದರೆ ಮೊದಲು ಹಳೆಯದನ್ನು ಒಂದಿಷ್ಟು ಕರಗಿಸಿಕೊಂಡು ಆಮೇಲೆ ಹೊಸದು ಕಟ್ಟುತ್ತದೆ, ಅದಕ್ಕೆ ವಾರಗಟ್ಟಲೆ ಬೇಕು. ಆ ನಡುವಿನ ಬಲಹೀನ ದಿನಗಳಲ್ಲೂ ದಿನಾ ಇಟ್ಟಿಗೆ ಹೊತ್ತು ಓಡಿದರೆ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಇದೇನು ಹೊಸ ಸಂಶೋಧನೆಯಲ್ಲ. 1855ರಲ್ಲೇ ಪ್ರಷ್ಯಾದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್, ದೂರ ಮಾರ್ಚ್ ಮಾಡಿದ ಸಿಪಾಯಿಗಳ ಪಾದ ಊದಿ ನೋಯುವುದನ್ನು ಬರೆದಿಟ್ಟ. ಎಕ್ಸ್‌ರೇ ಬಂದ ಮೇಲೆ ಅದು ಬಿರುಕು ಅಂತ ಗೊತ್ತಾಯಿತು. ಇವತ್ತಿಗೂ ಅದಕ್ಕೆ ಮಾರ್ಚ್ ಫ್ರಾಕ್ಚರ್ ಅಂತಲೇ ಹೆಸರು. ಮೊದಮೊದಲು ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. "ಏನಿಲ್ಲ, ಅರಿಶಿನ ಹಚ್ಚು, ಓಡು" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಆರರಿಂದ ಎಂಟು ವಾರ ವಿಶ್ರಾಂತಿ ತಾನೆ ಅನ್ನಬೇಡಿ. ನಮಗಾದರೆ ಸಿಕ್ ಲೀವ್ ಇದೆ. ಈ ಹುಡುಗರಿಗೆ ಇರುವುದು ಹುಟ್ಟಿದ ತಾರೀಕು. 2022ರ ಜೂನ್ 14ರಂದು ಅಗ್ನಿಪಥ ಘೋಷಣೆ ಮಾಡಿದಾಗ ಇಟ್ಟ ವಯೋಮಿತಿ ಹದಿನೇಳೂವರೆಯಿಂದ ಇಪ್ಪತ್ತೊಂದು. ಅದಕ್ಕೆ ಹಿಂದಿನ ಎರಡು ವರ್ಷ ಭರ್ತಿಯೇ ನಡೆದಿರಲಿಲ್ಲವಾದ್ದರಿಂದ, ಗಲಾಟೆಯಾದ ಮೇಲೆ ಆ ಒಂದು ವರ್ಷಕ್ಕೆ ಮಾತ್ರ ಇಪ್ಪತ್ಮೂರು ಮಾಡಿದರು. 2023ರಿಂದ ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಮಾತ್ರ ಓಟ. ಕಷ್ಟಪಟ್ಟು ಅದನ್ನು ದಾಟಿದವನು ಓಟದ ದಿನ ಮೊಣಕಾಲ ಕೆಳಗೆ ಕೈಯಿಟ್ಟುಕೊಂಡು ಕುಂಟಿದರೆ ಹೋದದ್ದು ಒಂದು ವರ್ಷ. ಅವನ ಕೈಯಲ್ಲಿ ಇದ್ದದ್ದೇ ಮೂರು ನಾಲ್ಕು ವರ್ಷ.

"ಗಡಿಯಲ್ಲಿ ಸೈನಿಕರು ಭಾರ ಹೊರುವುದಿಲ್ಲವೇನ್ರೀ?" ಅಂತ ಕೇಳುವವರಿದ್ದಾರೆ. ಹೊರುತ್ತಾರೆ ಸ್ವಾಮಿ. ಸೇರಿದ ಮೇಲೆ ಶಸ್ತ್ರ ಸಮೇತ ಓಡಬೇಕಾಗಿಯೂ ಬರುತ್ತದೆ. ಆದರೆ ಅದನ್ನು ಕಲಿಸುವುದು ಸೈನ್ಯದ ಕೆಲಸ. ನಮ್ಮ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರವಾಗಲಿ, ಬೇರೆ ಯಾವುದೇ ರೆಜಿಮೆಂಟಿನ ಕೇಂದ್ರವಾಗಲಿ, ಹೊಟ್ಟೆ ತುಂಬ ಊಟ, ಕಾಲಿಗೆ ಬೂಟು, ಪಕ್ಕದಲ್ಲಿ ಡಾಕ್ಟರು, ತಲೆಯ ಮೇಲೆ ಉಸ್ತಾದ್, ಇವಿಷ್ಟನ್ನೂ ಕೊಟ್ಟು ತಿಂಗಳುಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ರಾತ್ರಿ ಹನ್ನೆರಡರವರೆಗೆ ಡೆಲಿವರಿ ಕೆಲಸ ಮಾಡಿ, ನಾಲ್ಕು ರೊಟ್ಟಿ ತಿಂದು ಮಲಗಿದವನಿಗೆ ಅದರಲ್ಲಿ ಯಾವುದಿದೆ?

ಇಲ್ಲಿ ನೋಯ್ಡಾದ ಆ ವಿಡಿಯೋ ನೆನಪಾಗಬೇಕು. 2022ರ ಮಾರ್ಚಿನಲ್ಲಿ ಸಿನಿಮಾ ನಿರ್ದೇಶಕ ವಿನೋದ್ ಕಾಪ್ರಿ ನಡುರಾತ್ರಿ ಕಾರಿನಲ್ಲಿ ಹೋಗುತ್ತಾ, ಬ್ಯಾಗು ಹಾಕಿಕೊಂಡು ಓಡುತ್ತಿದ್ದ ಹುಡುಗನನ್ನು ಮಾತಾಡಿಸಿದರು. ಅಲ್ಮೋಡಾ ಕಡೆಯ ಹತ್ತೊಂಬತ್ತರ ಹುಡುಗ, ಸೆಕ್ಟರ್ 16ರ ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಲಸ, ಬರೋಲಾದಲ್ಲಿ ಮನೆ, ನಡುವೆ ಹತ್ತು ಕಿಲೋಮೀಟರು. (ಹೆಸರು ಆಗ ಎಲ್ಲ ಪತ್ರಿಕೆಗಳಲ್ಲೂ ಬಂತು. ಪಾಪ, ಮತ್ತೆ ಎಳೆಯುವುದು ಬೇಡ.) ಕಾರು ಹತ್ತು ಅಂದರೆ ಒಲ್ಲೆ ಅಂದ. ತಾಯಿ ಆಸ್ಪತ್ರೆಯಲ್ಲಿ, ಅಣ್ಣನಿಗೆ ರಾತ್ರಿ ಪಾಳಿ, ಮನೆಗೆ ಹೋಗಿ ಅಡುಗೆ ಆಗಬೇಕು, ಬೆಳಿಗ್ಗೆ ಓಡಲು ಹೊತ್ತಿಲ್ಲ. ದೇಶವೆಲ್ಲ ಕಣ್ಣೀರು ಹಾಕಿತು, ನಾನೂ ನೋಡಿದೆ. ಆದರೆ ಒಂದು ವಿಷಯ ಗಮನಿಸಿದಿರಾ? ಅವನ ಬೆನ್ನಿನದು ತರಬೇತಿಯ ಚೀಲವಲ್ಲ. ಕೆಲಸ ಮುಗಿಸಿ ಮನೆಗೆ ಹೊರಟವನ ಚೀಲ. ಬೇರೆ ಹೊತ್ತು, ಬೇರೆ ಜಾಗ ಇಲ್ಲದ್ದಕ್ಕೆ ಹಾಗೆ ಓಡಿದ. ಆ ಇಲ್ಲದಿರುವಿಕೆಗೆ ನಾವು ಸಂಕಲ್ಪಶಕ್ತಿ ಅಂತ ಹೆಸರಿಟ್ಟು ಚಪ್ಪಾಳೆ ತಟ್ಟಿದೆವು. ಅವನಿಗೆ ನೆರವಾಗಲು ಮುಂದೆ ಬಂದವರಲ್ಲಿ ಒಬ್ಬರು ನಿವೃತ್ತ ಲೆಫ್ಟಿನೆಂಟ್ ಜನರಲ್ ಸತೀಶ್ ದುವಾ, ಅವರು ಮಾತಾಡಿದ್ದು ಸರಿಯಾದ ತರಬೇತಿಯ ಬಗ್ಗೆ. ವಿಷಯ ತಿಳಿದವರು ಮಾತಾಡುವುದು ಹಾಗೆ.

ಈಗ ಇದಕ್ಕೊಂದು ಫ್ಯಾಷನ್ನೂ ಸೇರಿಕೊಂಡಿದೆ. ಗುರುಗ್ರಾಮದ ಕಂಪನಿ ಜನ ರಕ್ಕಿಂಗ್ ಅನ್ನುತ್ತಾರೆ, ಸಾವಿರಾರು ರೂಪಾಯಿಯ ಚೀಲದಲ್ಲಿ ಕಬ್ಬಿಣದ ತಟ್ಟೆ ಇಟ್ಟುಕೊಂಡು ಪಾರ್ಕಿನಲ್ಲಿ ನಡೆಯುತ್ತಾರೆ. ನಡೆಯಲಿ. ನಡೆಯುವುದಕ್ಕೂ ಓಡುವುದಕ್ಕೂ ಅಜಗಜಾಂತರ ಇದೆ, ಕಾಲು ನೊಂದರೆ ಅವರಿಗೆ ಫಿಸಿಯೋ ಇದ್ದಾನೆ. ಅದೇ ವಿಡಿಯೋ ಬುಲಂದ್‌ಶಹರದ ಹುಡುಗನ ಮೊಬೈಲಿಗೆ ಬರುವ ಹೊತ್ತಿಗೆ ನಡಿಗೆ ಓಟವಾಗಿರುತ್ತದೆ, ತಟ್ಟೆ ಇಟ್ಟಿಗೆಯಾಗಿರುತ್ತದೆ. ಮೇಲೆ "ಅಕಾಡೆಮಿ" ಬೋರ್ಡಿನ ಅಂಗಡಿಗಳು. ಮಗನ ಫೀಸಿಗೆ ಹೆಂಡತಿಯ ಬಳೆ ಅಡ ಇಡಲು ಬರುವ ತಂದೆಯರನ್ನು ನಾನು ಕೌಂಟರಿನ ಈಚೆಯಿಂದ ನೋಡುತ್ತೇನೆ. ಏನು ಕಲಿಸುತ್ತಾರಪ್ಪಾ ಅಂದರೆ, "ಸಾಹೇಬ್, ವಜನ್ ಹೊರಿಸಿ ಓಡಿಸ್ತಾರೆ, ಬಹಳ ಕಟ್ಟುನಿಟ್ಟು" ಅನ್ನುತ್ತಾರೆ, ಹೆಮ್ಮೆಯಿಂದ. ಸಾಲ ಕೊಡದೆ ಇರಲು ನನಗೆ ಅಧಿಕಾರವಿಲ್ಲ, ಬಳೆ ಅಪ್ಪಟ ಚಿನ್ನದ್ದೇ.

ಬಿಸಿಲಿನ ಮಾತು ಎತ್ತಿದರೆ ಇನ್ನೂ ಕಷ್ಟ. 2024ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಜಾರ್ಖಂಡಿನ ಅಬಕಾರಿ ಕಾನ್‌ಸ್ಟೆಬಲ್ ಆಯ್ಕೆಯಲ್ಲಿ ಗಂಟೆಯೊಳಗೆ ಹತ್ತು ಕಿಲೋಮೀಟರ್ ಓಡಿಸಿದಾಗ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಚೀಲವಿಲ್ಲದೆ. ನಮ್ಮಲ್ಲಿ ಜೂನಿನ ಬೆಳಗಿನ ಆರಕ್ಕೇ ಮೂವತ್ತು ಡಿಗ್ರಿ ದಾಟಿರುತ್ತದೆ, ನವೆಂಬರಿನಲ್ಲಿ ಹೊಗೆ.

ಹುಡುಗರಿಗೆ ಬೇಕಾದದ್ದು 400 ಮೀಟರಿನ ಮಣ್ಣಿನ ಸುತ್ತು. ನಾಲ್ಕು ಸುತ್ತಿಗೆ 1.6 ಕಿಲೋಮೀಟರು. ಒಂದು ಸುತ್ತು ಜೋರು, ಎರಡು ನಿಮಿಷ ನಡಿಗೆ, ಮತ್ತೆ ಒಂದು ಸುತ್ತು. ವಾರಕ್ಕೆ ಒಂದು ದಿನ ಪೂರ್ತಿ ಬಿಡುವು. ಪುಲ್‌ಅಪ್‌ಗೆ ಒಂದು ಕಬ್ಬಿಣದ ಸಲಾಕೆ. ಇಷ್ಟಕ್ಕೆ ಇಟ್ಟಿಗೆ ಬೇಡ, ಬಳೆಯೂ ಬೇಡ.

ಮಣ್ಣಿನ ಜಾಗ ಎಲ್ಲಿದೆ ಅನ್ನುತ್ತೀರಾ? ನಮ್ಮ ಸೆಕ್ಟರುಗಳ ಪಾರ್ಕಿನೊಳಗಿದೆ. ಗೇಟಿಗೆ ಬೆಳಗ್ಗೆ ಆರರವರೆಗೆ ಬೀಗ, ಮೇಲೆ "ಹೊರಗಿನವರಿಗೆ ಪ್ರವೇಶವಿಲ್ಲ" ಬೋರ್ಡು. ನಮ್ಮ ಕಾಲೊನಿಯ ಸಂಘದಲ್ಲಿ ಈ ಬೀಗದ ಮಾತೆತ್ತಿದರೆ, "ಹೂವಿನ ಗಿಡ ಹಾಳಾಗುತ್ತೆ, ಗಲಾಟೆ ಮಾಡ್ತಾರೆ" ಅಂದರು, ಸಲಾಂ ವಿಡಿಯೋ ಕಳಿಸುವ ಅದೇ ಮಹನೀಯರು! ಇದನ್ನು ಓದುತ್ತಿರುವವರಲ್ಲಿ ಅಂಥ ಸಂಘಗಳ ಕಾರ್ಯದರ್ಶಿ, ಖಜಾಂಚಿಗಳಾದ ಕನ್ನಡಿಗರು ಹಲವರಿದ್ದೀರಿ. ಮುಂದಿನ ಮೀಟಿಂಗಿನಲ್ಲಿ ನಾಲ್ಕೂವರೆಗೆ ಗೇಟು ತೆಗೆಯುವ ನಿರ್ಣಯ ಇಡಿ. ಕಾವಲುಗಾರನಿಗೆ ಒಂದೂವರೆ ಗಂಟೆಯ ಹೆಚ್ಚಿನ ಸಂಬಳಕ್ಕೆ ನನ್ನ ಪಾಲು ನಾನು ಕೊಡುತ್ತೇನೆ ಅಂತ ನಮ್ಮಲ್ಲಿ ಬರೆದುಕೊಟ್ಟಿದ್ದೇನೆ. ನಿಮ್ಮ ಕಡೆ ಏನಾಯಿತು ತಿಳಿಸಿ.