ರಾಯಭಾರಿಗಳ ಮೌನ ಮತ್ತು ಫಾದರ್ ಟಾಮ್ ಬಿಡುಗಡೆ

ರಾಜತಾಂತ್ರಿಕತೆಯೆಂದರೆ ಔತಣಕೂಟ, ಹಸ್ತಲಾಘವ, ಪತ್ರಿಕಾ ಹೇಳಿಕೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಸಲೇಸಿಯನ್ ಗುರು ವಂ. ಟಾಮ್ ಉಝುನ್ನಾಲಿಲ್ ಅವರ ಬಿಡುಗಡೆ ಇದಕ್ಕಿಂತ ಭಿನ್ನವಾದ ಸತ್ಯವನ್ನು ತಿಳಿಸುತ್ತದೆ.

2016ರ ಮಾರ್ಚ್ 4ರಂದು ಯೆಮನ್ ದೇಶದ ಏಡನ್ ನಗರದಲ್ಲಿ ಮದರ್ ತೆರೇಸಾ ಸಭೆಯ ಆಶ್ರಮಕ್ಕೆ ನುಗ್ಗಿದ ಬಂದೂಕುಧಾರಿಗಳು ನಾಲ್ವರು ಧರ್ಮಭಗಿನಿಯರೂ ಸೇರಿ 16 ಮಂದಿಯನ್ನು ಕೊಂದು, ಬೆಂಗಳೂರು ಸಲೇಸಿಯನ್ ಪ್ರಾಂತ್ಯದ ಫಾ. ಟಾಮ್ ಅವರನ್ನು ಅಪಹರಿಸಿದರು. ಯುದ್ಧದ ಕಾರಣ ಸನಾದಲ್ಲಿದ್ದ ಭಾರತದ ರಾಯಭಾರ ಕಚೇರಿ 2015ರಲ್ಲೇ ಜಿಬೂತಿಗೆ ಸ್ಥಳಾಂತರಗೊಂಡಿತ್ತು. ಅಧಿಕಾರವೇ ಹೋಳಾಗಿದ್ದ ದೇಶದಲ್ಲಿ ಯಾರೊಡನೆ ಮಾತನಾಡುವುದು?

ದಾರಿ ತೆರೆದದ್ದು ಒಮಾನ್. ಯೆಮನ್ ಯುದ್ಧದಲ್ಲಿ ಸೌದಿ ನೇತೃತ್ವದ ಮಿತ್ರಕೂಟವನ್ನು ಸೇರದ ಈ ದೇಶ, ಕಾದಾಡುವ ಬಣಗಳೊಂದಿಗೆ ಸಂಪರ್ಕ ಉಳಿಸಿಕೊಂಡಿತ್ತು. ವ್ಯಾಟಿಕನ್ನಿನ ಕೋರಿಕೆಯಂತೆ ಅಂದಿನ ಸುಲ್ತಾನ್ ಕಾಬೂಸ್ ಆದೇಶ ನೀಡಿದರು. 2017ರ ಸೆಪ್ಟೆಂಬರ್ 12ರಂದು ಫಾ. ಟಾಮ್ ಮಸ್ಕತ್ ತಲುಪಿದರು. ಆಗ ವ್ಯಾಟಿಕನ್ ಮತ್ತು ಒಮಾನ್ ನಡುವೆ ಪೂರ್ಣ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಅದು ಏರ್ಪಟ್ಟಿದ್ದು 2023ರ ಫೆಬ್ರವರಿ 23ರಂದು. ಇಲ್ಲಿ ವಿಶ್ವಾಸ ಮೊದಲು, ದಸ್ತಾವೇಜು ಆಮೇಲೆ.

ಈ ಹದಿನೆಂಟು ತಿಂಗಳು ಬಹುತೇಕ ಮೌನ. 2016ರ ಶುಭ ಶುಕ್ರವಾರದಂದು ಅವರನ್ನು ಶಿಲುಬೆಗೇರಿಸಲಾಗಿದೆ ಎಂಬ ಸುಳ್ಳು ಸುದ್ದಿ ಲೋಕವೆಲ್ಲ ಹಬ್ಬಿತು. ಅವರ ಕುಟುಂಬಕ್ಕೆ ಆದ ನೋವನ್ನು ಊಹಿಸಿಕೊಳ್ಳಿ. ಸಂಧಾನಕಾರರು ಬಾಯಿಬಿಟ್ಟರೆ ಒತ್ತೆಯಾಳಿನ ಪ್ರಾಣಕ್ಕೇ ಸಂಚಕಾರ. ಹಾಗೆಂದು ಮೌನವು ನಿಷ್ಕ್ರಿಯತೆಗೆ ನೆಪವಾಗಬಾರದು. 2016ರ ಡಿಸೆಂಬರಿನ ವೀಡಿಯೊದಲ್ಲಿ ಸ್ವತಃ ಫಾ. ಟಾಮ್ ತಮ್ಮ ಬಿಡುಗಡೆಗೆ ಸಾಕಷ್ಟು ಪ್ರಯತ್ನ ನಡೆದಿಲ್ಲವೆಂದು ಅಳಲು ತೋಡಿಕೊಂಡಿದ್ದರು. ವಿಶ್ವಾಸಿಗಳ ಪ್ರಾರ್ಥನೆ, ಮನವಿಗಳು ವಿಷಯ ಮರೆಯಾಗದಂತೆ ನೋಡಿಕೊಂಡವು.

ಕರಾವಳಿಯ ನಮಗಿದು ದೂರದ ಮಾತಲ್ಲ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಅನ್ನ ಕೊಲ್ಲಿ ರಾಷ್ಟ್ರಗಳಲ್ಲಿದೆ. ಅಲ್ಲಿ ನಮ್ಮವರು ಕಷ್ಟಕ್ಕೆ ಸಿಲುಕಿದಾಗ ಖಚಿತವಾಗದ ಸುದ್ದಿ ಹಂಚದೆ, ಪಾಸ್‌ಪೋರ್ಟ್ ವಿವರಗಳೊಂದಿಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯನ್ನು ತಡಮಾಡದೆ ಸಂಪರ್ಕಿಸಬೇಕು. ಉತ್ತರ ಬರುವವರೆಗೆ ಕೇಳುತ್ತಲೇ ಇರಬೇಕು. ಶಾಂತಿಯ ದಿನಗಳಲ್ಲಿ ದೇಶಗಳು ಕಾಪಾಡಿಕೊಂಡ ಸ್ನೇಹವೇ ಆಪತ್ತಿನ ದಿನ ಒಬ್ಬ ಸಾಮಾನ್ಯನ ಜೀವ ಉಳಿಸುತ್ತದೆ. ಶಾಂತಿಗಾಗಿ ದುಡಿಯುವವರು ಧನ್ಯರು ಎಂದ ಪ್ರಭುವಿನ ಮಾತಿನಲ್ಲಿ ಇಂಥ ಅಜ್ಞಾತ ರಾಜತಾಂತ್ರಿಕರೂ ಸೇರಿದ್ದಾರೆ. ಅವರಿಗಾಗಿಯೂ ಪ್ರಾರ್ಥಿಸೋಣ.